ಆಪ್ತಸಲಹೆ ಪ್ರಕರಣ: ಚಿಕ್ಕಂದಿನ ದಡಾರದ ಚುಚ್ಚುಮದ್ದು ಈಗಲೂ ಕಾಯುತ್ತದೆಯೇ?

ಸೋಮವಾರಪೇಟೆ ಕಡೆಯ ಕಾಫಿ ತೋಟದ ರೈಟರ್ ಮನೆಯ ಸೊಸೆ. ಹುಟ್ಟಿದ್ದು 2001ರ ಮಧ್ಯದಲ್ಲಿ, ಮದುವೆಯಾಗಿ ವರ್ಷ ತುಂಬಿಲ್ಲ. (ಗುರುತು ಸಿಗದಂತೆ ವಿವರ ಬದಲಿಸಿದೆ.) ಲೈನ್ ಮನೆಯ ಮಗುವೊಂದಕ್ಕೆ ದಡಾರ ಬಂದು ವಾಸಿಯಾದ ಮೇಲೆ ಇವರಿಗೆ ದಿಗಿಲು ಹತ್ತಿತ್ತು.

"ಚಿಕ್ಕೋಳಿದ್ದಾಗ ಹಾಕಿಸಿದ್ದು ಇಷ್ಟೊತ್ತಿಗೆ ಸವೆದು ಹೋಗಿರುತ್ತಲ್ವಾ ಮೇಡಂ? ಅತ್ತೆ ಬೇರೆ ಮಗು ಮಗು ಅಂತಿದ್ದಾರೆ." ಲಸಿಕೆ ಕಾರ್ಡ್ 2018ರ ಮಳೆಯಲ್ಲಿ ತವರುಮನೆಯ ಜೊತೆಗೇ ಹೋಗಿದೆ.

ದಡಾರದ ಲಸಿಕೆಯ ರಕ್ಷಣೆ ಒಮ್ಮೆ ಕೂತರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಇವರ ವಿಷಯದಲ್ಲಿ ಅನುಮಾನ ಇರುವುದು ಅದು ಕೂತಿತ್ತೇ ಎಂಬುದರಲ್ಲಿ. ಒಂಬತ್ತು ತಿಂಗಳಿಗೆ ಕೊಟ್ಟ ಒಂದೇ ಡೋಸ್ ನೂರಕ್ಕೆ ಸುಮಾರು 85 ಮಕ್ಕಳಲ್ಲಿ ಮಾತ್ರ ಹಿಡಿಯುತ್ತದೆ. ತಾಯಿಯಿಂದ ಬಂದ ಪ್ರತಿಕಾಯ (ರೋಗಾಣುವನ್ನು ಎದುರಿಸಲು ದೇಹ ತಯಾರಿಸುವ ವಸ್ತು) ಮಗುವಿನ ರಕ್ತದಲ್ಲಿ ಇನ್ನೂ ಉಳಿದಿದ್ದರೆ ಲಸಿಕೆಯ ಜೀವಂತ ವೈರಸ್ಸನ್ನು ಅದೇ ಅಳಿಸಿಬಿಡುತ್ತದೆ. ಹಾಗೆ ತಪ್ಪಿಹೋದವರನ್ನು ಹಿಡಿಯಲೆಂದೇ ಎರಡನೇ ಡೋಸ್. ಎರಡಾದರೆ ನೂರಕ್ಕೆ ಸುಮಾರು 97. ನಮ್ಮ ಸರ್ಕಾರಿ ಲಸಿಕೆ ಪಟ್ಟಿಗೆ ಎರಡನೇ ಡೋಸ್ ಸೇರಿದ್ದು 2010ರಿಂದೀಚೆಗೆ. 2017ರ ಫೆಬ್ರವರಿಯ ದಡಾರ-ರುಬೆಲ್ಲಾ ಅಭಿಯಾನ 15 ವರ್ಷದೊಳಗಿನವರಿಗೆ. ಇವರಿಗೆ ಆಗಲೇ 15 ತುಂಬಿತ್ತು. ಎರಡರಿಂದಲೂ ಹೊರಗೆ ಉಳಿದರು. ಹೆಚ್ಚು ಚಿಂತೆ ರುಬೆಲ್ಲಾದ್ದು (ದಡಾರವನ್ನೇ ಹೋಲುವ ಬೇರೊಂದು ವೈರಸ್ ರೋಗ): ಆ ಲಸಿಕೆ ಇವರಿಗೆ ಬಿದ್ದೇ ಇಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗಲಿದರೆ ಮಗುವಿನ ಕಿವಿ, ಕಣ್ಣು, ಹೃದಯಕ್ಕೆ ಪೆಟ್ಟು.

ಕೊಟ್ಟ ಸಲಹೆ: ಮೊದಲು ಗರ್ಭ ನಿಂತಿಲ್ಲವೆಂದು ಖಚಿತ ಮಾಡಿಕೊಂಡು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿದ ಲಸಿಕೆ) ಒಂದು ಡೋಸ್, 0.5 ಮಿ.ಲೀ. ಕನಿಷ್ಠ 28 ದಿನ ಬಿಟ್ಟು ಇನ್ನೊಂದು. ಅದಾದ ಮೇಲೂ ನಾಲ್ಕು ವಾರ ಗರ್ಭ ನಿಲ್ಲದಂತೆ ಎಚ್ಚರ. ಒಟ್ಟು ಎರಡು ತಿಂಗಳು. ಅತ್ತೆಗೆ ಇದನ್ನು ಗಂಡನೇ ಹೇಳಲಿ. ಅಕಸ್ಮಾತ್ ನಡುವೆ ಗರ್ಭ ನಿಂತರೆ ಡೋಸ್ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು, ಆದರೆ ಅದೊಂದೇ ಕಾರಣಕ್ಕೆ ಗರ್ಭ ತೆಗೆಸುವ ಮಾತೇ ಇಲ್ಲ.

ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸಲೇ ಎಂದರು. ದಡಾರಕ್ಕೆ ಬೇಡ: ಪ್ರತಿಕಾಯ ಕಡಿಮೆ ತೋರಿದರೂ ವೈರಸ್ಸನ್ನು ನೆನಪಿಟ್ಟುಕೊಂಡ ರಕ್ಷಣಾ ಕೋಶಗಳು ಕಾಯುತ್ತಿರಬಹುದು. ರಕ್ಷಣೆ ಮೊದಲೇ ಇದ್ದರೂ ಮತ್ತೆ ಹಾಕಿಸಿದರೆ ಕೆಡುಕಿಲ್ಲ.

ಮಡಿಕೇರಿಯ ಮೆಡಿಕಲ್ಲಿನಲ್ಲಿ ಕೊಂಡು ಬಸ್ಸಿನಲ್ಲಿ ತರುವ ಯೋಚನೆಯಿತ್ತು. ಅದನ್ನು ಬಿಡಿಸಲಾಯಿತು. 2ರಿಂದ 8 ಡಿಗ್ರಿಯ ತಂಪು ತಪ್ಪಿದರೆ ಲಸಿಕೆಯ ವೈರಸ್ ಸಾಯುತ್ತದೆ, ಸತ್ತದ್ದು ನೋಡಿದರೆ ಗೊತ್ತಾಗದು. ಫ್ರಿಜ್ ಇರುವ ಆಸ್ಪತ್ರೆಯಲ್ಲೇ ಹಾಕಿಸಬೇಕು. ಒಂದರಿಂದ ಮೂರು ವಾರದೊಳಗೆ ಬೆರಳು, ಮಂಡಿಯ ಗಂಟುಗಳು ನೋಯಬಹುದು. ವಯಸ್ಕ ಹೆಂಗಸರಲ್ಲಿ ಇದು ಅಪರೂಪವಲ್ಲ, ತಾನೇ ಇಳಿಯುತ್ತದೆ. ಕಾಫಿ ಕೊಯ್ಲಿಗೆ ಹೋಗುವವರು ದಿನ ಆರಿಸುವಾಗ ಇದನ್ನೂ ಲೆಕ್ಕಕ್ಕಿಡಲಿ. ಹಾಕಿಸಿದ ದಿನಾಂಕ, ಬ್ಯಾಚ್ ಸಂಖ್ಯೆ ಬರೆಸಿಕೊಂಡು ಮೊಬೈಲಿನಲ್ಲಿ ಫೋಟೋ ತೆಗೆದಿಡಲು ಹೇಳಲಾಗಿದೆ.