ಮೂರು ಎಕರೆ ರಾಗಿ ಹೊಲ ಅಡಿಕೆ ತೋಟವಾದರೆ ಊಟಕ್ಕೇನು ತೊಂದರೆ?

ನೀವು ಕೇಳಿದ್ದು ಇಷ್ಟು. ಗುಬ್ಬಿ ಕಡೆ ಮೂರು ಎಕರೆ ಖುಷ್ಕಿ, ಅಂದರೆ ಮಳೆ ನಂಬಿದ ಹೊಲ ಇದೆ. ನಿಮ್ಮ ತಂದೆಯವರು ಇಷ್ಟು ವರ್ಷ ರಾಗಿ ಬೆಳೆದರು. ಈಗ ಬೋರ್ ಕೊರೆಸಿ ಪೂರ್ತಿ ಅಡಿಕೆ ಹಾಕುವ ಯೋಚನೆ. ರಾಗಿ ಅಂಗಡಿಯಲ್ಲಿ ಸಿಗುತ್ತದೆ, ಅಕ್ಕಿ ಸೊಸೈಟಿಯಲ್ಲಿ ಕೊಡುತ್ತಾರೆ. ಹಾಗಿದ್ದ ಮೇಲೆ ನಮ್ಮ ಹೊಲದಲ್ಲಿ ಏನು ಬೆಳೆದರೂ ಆಹಾರ ಭದ್ರತೆಗೆ ಏನಾಗಬೇಕು?

ನಿಮ್ಮ ಮೂರು ಎಕರೆಯಿಂದ ದೇಶದ ಕಣಜ ತುಂಬುವುದೂ ಇಲ್ಲ, ಬರಿದಾಗುವುದೂ ಇಲ್ಲ. ಅದು ನಿಜ. ಆದರೆ ಹೊಲಕ್ಕೂ ತೋಟಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಹೊಲದಲ್ಲಿ ಈ ವರ್ಷ ಒಂದು ಬೆಳೆ, ಮುಂದಿನ ವರ್ಷ ಇನ್ನೊಂದು ಬೆಳೆ ಹಾಕಬಹುದು. ಅಡಿಕೆ ಹಾಕಿದರೆ ಮೂವತ್ತು ನಲವತ್ತು ವರ್ಷ ಅದೇ. ಸೈಟು ಮಾಡಿದರೆ ಮುಗಿದೇ ಹೋಯಿತು. ನನ್ನ ಲೆಕ್ಕದಲ್ಲಿ ಆಹಾರ ಭದ್ರತೆಗೆ ಭೂಮಿ ಆಸರೆಯಾಗುವುದು ಎಷ್ಟು ಬೆಳೆಯುತ್ತದೆ ಅನ್ನುವುದರಿಂದ ಮಾತ್ರ ಅಲ್ಲ, ಬೇಕಾದಾಗ ಬೆಳೆ ಬದಲಾಯಿಸಲು ಬರುತ್ತದಾ ಅನ್ನುವುದರಿಂದ.

ನಾನೂ ತುಮಕೂರು ಜಿಲ್ಲೆಯವನೇ. ನಮ್ಮದೂ ಮಳೆ ನಂಬಿದ ಹೊಲ, ಜೊತೆಗೆ ಒಂದಷ್ಟು ತೆಂಗು. ಹಾಗಾಗಿ ತೋಟದ ಮೇಲೆ ನನಗೆ ಕೋಪವೇನೂ ಇಲ್ಲ.

ರಾಗಿ ಬಿತ್ತನೆಯನ್ನೇ ನೋಡಿ. ಮಳೆ ಬೇಗ ಹಿಡಿದರೆ ಜೂನ್ ಕೊನೆ, ಜುಲೈ ಹೊತ್ತಿಗೆ ಎಂಆರ್-1, ಎಂಆರ್-6 ಥರದ ದೀರ್ಘಾವಧಿ ತಳಿ. ಜುಲೈ ಪೂರ್ತಿ ಕಾಯಿಸಿದರೆ ಜಿಪಿಯು-28. ಅದು ನಾಲ್ಕು ತಿಂಗಳಿಗೆ ಒಂದಿಷ್ಟು ಮೊದಲೇ ಕೊಯ್ಲಿಗೆ ಬರುತ್ತದೆ, ಬೆಂಕಿ ರೋಗಕ್ಕೂ ಜಾಸ್ತಿ ಜಗ್ಗುವುದಿಲ್ಲ. ಆಗಸ್ಟೂ ಕೈಕೊಟ್ಟರೆ ಜಿಪಿಯು-48 ಥರದ ಅಲ್ಪಾವಧಿ ತಳಿ. ಅದಕ್ಕೂ ಹದ ಸಿಗದೆ ಹೋದರೆ ಸೆಪ್ಟೆಂಬರಿನಲ್ಲಿ ಹುರುಳಿ ಚೆಲ್ಲಿಬಿಡುವುದು. ಹುರುಳಿ ಸ್ವಲ್ಪ ತೇವ, ಸ್ವಲ್ಪ ಇಬ್ಬನಿಯಲ್ಲೇ ಹೇಗೋ ಬಂದುಬಿಡುತ್ತದೆ. ಅಂದರೆ ಒಂದೇ ಹೊಲಕ್ಕೆ ಮೂರ್ನಾಲ್ಕು ದಾರಿ. ಮಳೆ ಬರುವವರೆಗೂ ಯಾವುದನ್ನೂ ಖಾಯಂ ಮಾಡಬೇಕಾಗಿಲ್ಲ. ಇಷ್ಟು ಸಡಿಲ ಬೇರೆ ಯಾವ ಆಸ್ತಿಯಲ್ಲಿದೆ ಹೇಳಿ?

ಇನ್ನು ಅಕ್ಕಡಿ ಸಾಲು. ನಿಮ್ಮ ತಂದೆಯವರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ಕೂರಿಗೆಯಲ್ಲಿ ರಾಗಿ ಬಿಡುತ್ತಾ ಹೋಗುವಾಗ ಎಂಟು ಹತ್ತು ಸಾಲಿಗೊಮ್ಮೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಅಂಚಿಗೆ ಜೋಳ, ಹರಳು. ಹೊಲ ನೋಡಿದರೆ ರಾಗಿ ಹೊಲ, ಲೆಕ್ಕ ಹಾಕಿದರೆ ಒಂದು ದಿನಸಿ ಅಂಗಡಿ. ರಾಗಿ ನವೆಂಬರ್ ಹೊತ್ತಿಗೆ ಕಟಾವಿಗೆ ಬರುತ್ತದೆ. ಅದನ್ನು ಕೊಯ್ದ ಮೇಲೆ ಅವರೆ ಸಾಲಿಗೆ ಜಾಗ ಸಿಕ್ಕಿ ಹರಡಿಕೊಳ್ಳುತ್ತದೆ. ಚಳಿಗೆ ಸೊಗಡು ಏರುತ್ತದೆ. ಡಿಸೆಂಬರ್, ಜನವರಿ ಪೂರ್ತಿ ಅವರೆಕಾಳು ಸಾರು, ಹಿತಕಿದ ಬೇಳೆ. ತೊಗರಿ ಕೊನೆಗೆ. ಮಳೆ ನಡುವೆ ಕೈಕೊಟ್ಟು ರಾಗಿ ಸೊರಗಿದರೂ ಬೇರು ಆಳಕ್ಕೆ ಇಳಿಸಿದ ತೊಗರಿ ತಡೆದುಕೊಳ್ಳುತ್ತದೆ. ದ್ವಿದಳದ ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ ಅನ್ನುವುದು ಮೇಲಿನ ಲಾಭ.

ತಟ್ಟೆಯ ಕಡೆಯಿಂದಲೂ ಇದನ್ನು ನೋಡಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುದ್ದೆಯ ಜೊತೆ ಕಾಳಿನ ಸಾರು ಬಿದ್ದರೆ ಪ್ರೋಟೀನೂ ಆಯಿತು. ಮುದ್ದೆಗೂ ಸಾರಿಗೂ ಬೇಕಾದ್ದು ಒಂದೇ ಹೊಲದಲ್ಲಿ ಬರುತ್ತಿತ್ತು. ರಾಗಿ ಹೋದಾಗ ಅದರ ಜೊತೆ ಈ ಕಾಳುಗಳೂ ಹೋದವು ಅನ್ನುವುದನ್ನು ಜನ ಮರೆತುಬಿಡುತ್ತಾರೆ.

ಹುಲ್ಲು ಇನ್ನೊಂದು ದೊಡ್ಡ ವಿಷಯ. ರಾಗಿ ಹುಲ್ಲಿಲ್ಲದೆ ನಮ್ಮ ಕಡೆ ಹಸು ಸಾಕುವುದು ಕಷ್ಟ. ಬೇಸಿಗೆಯಲ್ಲಿ ಹುಲ್ಲು ಕೊಂಡು ತರುವ ಮನೆಯವರನ್ನು ಕೇಳಿ, ಹಾಲಿನ ದುಡ್ಡಲ್ಲಿ ಎಷ್ಟು ಉಳಿಯುತ್ತದೆ ಅಂತ. ಹಾಲು ಒಕ್ಕೂಟಗಳ ಲೆಕ್ಕದಲ್ಲಿ ಗುಜರಾತ್ ಬಿಟ್ಟರೆ ನಾವೇ ಮುಂದೆ. ಆ ಹಾಲಿನ ಹಿಂದೆ ಎಷ್ಟೋ ಊರುಗಳ ಹುಲ್ಲಿನ ಮೆದೆ ಇದೆ. ಹಸುವಿನಿಂದ ತಿಪ್ಪೆ ಗೊಬ್ಬರ, ಗೊಬ್ಬರ ಮತ್ತೆ ಹೊಲಕ್ಕೆ. ಹೊಲ ತೋಟವಾದ ಕೂಡಲೇ ಹುಲ್ಲು ಹೊರಗಿಂದ, ಗೊಬ್ಬರವೂ ಲಾರಿಯಲ್ಲಿ ಬರಬೇಕು.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಮುದ್ದೆಗೆ ನೂರು, ನೂರಿಪ್ಪತ್ತು ಗ್ರಾಂ ಹಿಟ್ಟು ಬೇಕು ಅಂದುಕೊಳ್ಳಿ. ಐದು ಜನ, ಎರಡು ಹೊತ್ತು ಅಂದರೆ ದಿನಕ್ಕೆ ಒಂದು ಕೆಜಿ ಚಿಲ್ಲರೆ. ವರ್ಷಕ್ಕೆ ನಾಲ್ಕು ಕ್ವಿಂಟಾಲ್ ಹಿಡಿಯಿರಿ. ಸುಮಾರಾದ ಮಳೆಯಲ್ಲಿ ಎಕರೆಗೆ ಎಂಟು ಹತ್ತು ಕ್ವಿಂಟಾಲ್ ಬಂದರೆ ಅರ್ಧ ಎಕರೆ ಸಾಕು, ಇಡೀ ಮನೆ ವರ್ಷಪೂರ್ತಿ ಉಣ್ಣಲು. ಇಪ್ಪತ್ತು ಗುಂಟೆ! ಅದೂ ರಾಗಿಗೆ ಹುಳ ಬೀಳುವುದು ತೀರಾ ಕಡಿಮೆ. ಹಿಂದೆ ಹಗೇವಿನಲ್ಲಿ ತುಂಬಿಟ್ಟು ವರ್ಷಗಟ್ಟಲೆ ಇಡುತ್ತಿದ್ದರು. ಗಟ್ಟಿ ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿ ಸುರಿದು ಬಾಯಿ ಮುಚ್ಚುವುದು. ತೆಗೆಯುವಾಗ ಬಾಯಿ ತೆರೆದು ಕೆಟ್ಟ ಗಾಳಿ ಹೋಗುವವರೆಗೆ ಬಿಡಬೇಕು. ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಬರಗಾಲದಲ್ಲಿ ಊರು ಬದುಕಿದ್ದು ಇಂಥ ಗುಂಡಿಗಳಿಂದ.

"ಈಗ ಸರ್ಕಾರವೇ ಕೊಡುತ್ತದಲ್ಲ" ಅನ್ನುತ್ತೀರಿ. ಕೊಡುತ್ತದೆ, ಕೊಡಲೂ ಬೇಕು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಆದ್ಯತಾ ಕುಟುಂಬದಲ್ಲಿ ಒಬ್ಬೊಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ ಹಕ್ಕಾಗಿದೆ. ಅದನ್ನು ಕಡಿಮೆ ಅನ್ನುವವನಲ್ಲ ನಾನು. ಆದರೆ 2023ರಲ್ಲಿ ಏನಾಯಿತು ನೆನಪಿದೆಯಾ? ಅನ್ನಭಾಗ್ಯದಲ್ಲಿ ಇನ್ನೂ 5 ಕೆಜಿ ಅಕ್ಕಿ ಸೇರಿಸುತ್ತೇವೆ ಅಂತ ರಾಜ್ಯ ಸರ್ಕಾರ ಹೇಳಿತು. ಕೆಜಿಗೆ 34 ರೂಪಾಯಿಯಂತೆ ದುಡ್ಡು ಕೊಡಲು ತಯಾರಿತ್ತು. ಅದೇ ಜೂನಿನಲ್ಲಿ ಕೇಂದ್ರ ಸರ್ಕಾರ ತನ್ನ ದಾಸ್ತಾನಿನಿಂದ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಬೇರೆ ರಾಜ್ಯಗಳನ್ನೂ ಕೇಳಿದ್ದಾಯಿತು. ಬೇಕಾದಷ್ಟು ಸಿಗಲಿಲ್ಲ. ಕೊನೆಗೆ ಜುಲೈಯಿಂದ ಅಕ್ಕಿಯ ಬದಲು ಒಬ್ಬೊಬ್ಬರಿಗೆ 170 ರೂಪಾಯಿ ಖಾತೆಗೆ ಹಾಕಿದರು. ಮತ್ತೆ ಅಕ್ಕಿಯೇ ಕೊಡಲು ಶುರು ಮಾಡಿದ್ದು 2025ರಲ್ಲಿ. ಇದರಲ್ಲಿ ಯಾವ ಪಕ್ಷದ್ದು ಸರಿ ಅನ್ನುವ ಜಗಳ ನನಗೆ ಬೇಡ. ಒಂದು ರಾಜ್ಯ ಸರ್ಕಾರವೇ ದುಡ್ಡು ಕೈಯಲ್ಲಿ ಹಿಡಿದು ನಿಂತರೂ ಧಾನ್ಯ ಸಿಗದೇ ಇರಬಹುದು ಅನ್ನುವುದಷ್ಟೇ ನಾನು ನೋಡಿದ್ದು. ಅದೇ ಜುಲೈನಲ್ಲಿ ದೇಶವೂ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಗೋಧಿಯದ್ದು 2022ರ ಮೇನಲ್ಲೇ ನಿಂತಿತ್ತು. ಕೊರತೆಯ ಸುಳಿವು ಸಿಕ್ಕರೆ ಎಲ್ಲರೂ ತಮ್ಮ ಚೀಲದ ಬಾಯಿ ಕಟ್ಟಿಕೊಳ್ಳುತ್ತಾರೆ, ಅಲ್ವಾ?

ಇನ್ನು ಆ ಅಕ್ಕಿ ಬರುವುದಾದರೂ ಎಲ್ಲಿಂದ? ದೇಶದ ದಾಸ್ತಾನಿಗೆ ಜಾಸ್ತಿ ಅಕ್ಕಿ ಕೊಡುವ ರಾಜ್ಯಗಳಲ್ಲಿ ಪಂಜಾಬ್ ಒಂದು. ಅಲ್ಲಿ ಭತ್ತಕ್ಕೆ ನೀರೆತ್ತಿ ಎತ್ತಿ ಅಂತರ್ಜಲ ಪಾತಾಳಕ್ಕೆ ಇಳಿದಿದೆ. ಮಳೆಯಲ್ಲೇ ಬೆಳೆಯುವ ರಾಗಿಯನ್ನು ನಾವು ಬಿಟ್ಟು, ಬೋರ್‌ವೆಲ್ಲಿನಲ್ಲಿ ಬೆಳೆದ ಅಕ್ಕಿಗೆ ಕಾಯುವುದು ಯಾವ ಭದ್ರತೆ ಅಂತ ನನಗೆ ಅರ್ಥವಾಗಿಲ್ಲ. ದೇಶದಲ್ಲಿ ಬೆಳೆಯುವ ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ರಾಜ್ಯದ್ದೇ. ನಾವು ಬಿಟ್ಟರೆ ಬೇರೆ ಯಾರೋ ಬೆಳೆದು ಕಳಿಸುತ್ತಾರೆ ಅನ್ನುವ ಹಾಗೂ ಇಲ್ಲ.

ಈಗ ನಿಮ್ಮ ಅಡಿಕೆ. ಒಂಬತ್ತು ಅಡಿಗೆ ಒಂದರಂತೆ ಹಾಕಿದರೆ ಎಕರೆಗೆ ಸುಮಾರು 540 ಗಿಡ. ಬೇಸಿಗೆಯಲ್ಲಿ ಡ್ರಿಪ್ಪಿನಲ್ಲೇ ಕೊಟ್ಟರೂ ಫಲಕ್ಕೆ ಬಂದ ಮರಕ್ಕೆ ದಿನಕ್ಕೆ 15ರಿಂದ 20 ಲೀಟರ್ ಬೇಕು. ಎಕರೆಗೆ ಎಂಟರಿಂದ ಹತ್ತು ಸಾವಿರ ಲೀಟರ್. ಮೂರು ಎಕರೆಗೆ ಮೂರರಷ್ಟು, ಪ್ರತಿ ದಿನ, ಮಳೆ ಹಿಡಿಯುವವರೆಗೂ. ಗಿಡ ಫಲ ಕೊಡಲು ಐದಾರು ವರ್ಷ. ಅಷ್ಟು ವರ್ಷ ಬೋರ್ ನಿಲ್ಲದೆ ನೀರು ಕೊಡುತ್ತಲೇ ಇರಬೇಕು. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾಯಿತು. ಮುಂದಿನ ಬೇಸಿಗೆಯಲ್ಲಿ ಚಿತ್ರದುರ್ಗ, ದಾವಣಗೆರೆ ಕಡೆ ಜನ ಟ್ಯಾಂಕರ್ ನೀರು ಕೊಂಡು ಅಡಿಕೆ ಮರ ಉಳಿಸಿಕೊಂಡರು. ಆ ವರ್ಷ ರಾಗಿಯೂ ಕೈಕೊಟ್ಟಿತು, ಸುಳ್ಳು ಯಾಕೆ ಹೇಳಲಿ. ನಮ್ಮ ಹೊಲದಲ್ಲಿ ದನಕ್ಕೆ ಹುಲ್ಲಾದರೆ ಸಾಕು ಅನ್ನುವ ಹಾಗಾಗಿತ್ತು. ಆದರೆ 2024ರಲ್ಲಿ ಮಳೆ ಬಂತು, ಬಿತ್ತಿದೆವು, ಬೆಳೆಯಿತು. ರಾಗಿಯಲ್ಲಿ ಒಂದು ವರ್ಷದ ನಷ್ಟ ಆ ವರ್ಷಕ್ಕೇ ಮುಗಿಯುತ್ತದೆ. ತೋಟ ಒಣಗಿದರೆ ಹತ್ತು ವರ್ಷದ ದುಡಿಮೆ ಹೋಗುತ್ತದೆ, ಬೋರಿನ ಸಾಲ ಮಾತ್ರ ಉಳಿಯುತ್ತದೆ.

ಒಮ್ಮೆ ಬದಲಾದ ನೆಲವನ್ನು ವಾಪಸ್ ಹೊಲ ಮಾಡುವುದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೋಗಿ ನೋಡಿ. ರಾಗಿ ಹೊಲಕ್ಕೆ ನೀಲಗಿರಿ ಹಾಕಿದರು. ಕೂಲಿಯಾಳಿನ ತಾಪತ್ರಯ ಇಲ್ಲ, ಕಡಿದಾಗಲೆಲ್ಲ ದುಡ್ಡು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧ ಮಾಡಿತು. ಆದರೆ ಬೊಡ್ಡೆ ಕೀಳಿಸಲು ಜೆಸಿಬಿ ತರಿಸಬೇಕು, ಮಣ್ಣು ಹದಕ್ಕೆ ಬರಲು ವರ್ಷಗಳೇ ಬೇಕು. ಆ ಖರ್ಚು ರೈತನ ತಲೆ ಮೇಲೆಯೇ.

ಲೇಔಟಿನದ್ದು ಇದಕ್ಕಿಂತ ಕೆಟ್ಟ ಕತೆ. ಡಿಸಿ ಕನ್ವರ್ಷನ್, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ ಮಾಡಿಸಿ, ಕಲ್ಲು ನೆಟ್ಟು, ರಸ್ತೆ ಗುರುತು ಹಾಕುತ್ತಾರೆ. ಹತ್ತು ವರ್ಷವಾದರೂ ಒಂದು ಮನೆ ಏಳುವುದಿಲ್ಲ. ಲಂಟಾನ, ಪಾರ್ಥೇನಿಯಂ ಬೆಳೆದು ನಿಂತಿರುತ್ತದೆ. ಅತ್ತ ಯಾರಿಗೂ ಸೂರಿಲ್ಲ, ಇತ್ತ ಒಂದು ಸೇರು ಕಾಳಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಯವರಲ್ಲದವರೂ ಹೊಲ ಕೊಳ್ಳಬಹುದು. ಕೊಂಡವರೆಲ್ಲ ಬೀಳು ಬಿಡುತ್ತಾರೆ ಅನ್ನಲಾರೆ, ಚೆನ್ನಾಗಿ ಮಾಡುವವರೂ ಇದ್ದಾರೆ. ಆದರೆ ಬೇಲಿ ಹಾಕಿ ಬೆಲೆ ಏರಲಿ ಅಂತ ಬಿಟ್ಟವರು ನಮ್ಮ ಸುತ್ತಲೇ ಬೇಕಾದಷ್ಟು ಇದ್ದಾರೆ.

ಹಾಗಂತ ಹಳೆಯದೆಲ್ಲ ಚೆನ್ನಾಗಿತ್ತು ಅಂತ ಹಾಡಿ ಹೊಗಳುವವನೂ ನಾನಲ್ಲ. ಹಳೇ ಕಾಲದಲ್ಲಿ ಇಷ್ಟೇ ನೆಲದಲ್ಲಿ ಇಷ್ಟು ರಾಗಿ ಬರುತ್ತಿರಲಿಲ್ಲ. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ತಂದ ಲಕ್ಷ್ಮಣಯ್ಯನವರನ್ನು ಜನ ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಇಳುವರಿ ಏರಿದ್ದಕ್ಕೇ ಇವತ್ತು ಮನೆಯ ಊಟಕ್ಕೆ ಅರ್ಧ ಎಕರೆ ಸಾಕು ಅಂತ ನಾನು ಹೇಳಲು ಆಗುತ್ತಿರುವುದು. ಉಳಿದ ನೆಲದಲ್ಲಿ ದುಡ್ಡಿನ ಬೆಳೆ ಮಾಡುವ ಅವಕಾಶ ಸಿಕ್ಕಿದ್ದೂ ಅದರಿಂದಲೇ.

ಇನ್ನೊಂದು ಮಾತು. ದೇಶದ ಆಹಾರ ಭದ್ರತೆಗೋಸ್ಕರ ನೀವು ಬಡವರಾಗಿ ಇರಿ ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಪಟ್ಟಣದಲ್ಲಿ ಕೂತು "ಸಿರಿಧಾನ್ಯ ಬೆಳೆಯಿರಿ" ಅನ್ನುವವರು ಕಟಾವಿನ ದಿನ ಒಮ್ಮೆ ಕುಡುಗೋಲು ಹಿಡಿದು ನೋಡಲಿ. ರಾಗಿಗೆ ಬೆಲೆ ಸಿಕ್ಕರೆ ರೈತ ತಾನಾಗಿಯೇ ಬೆಳೆಯುತ್ತಾನೆ. ಬೆಂಬಲ ಬೆಲೆ 2022-23ರಲ್ಲಿ ಕ್ವಿಂಟಾಲಿಗೆ 3,578 ರೂಪಾಯಿ ಇದ್ದದ್ದು 2025-26ಕ್ಕೆ 4,886 ಆಗಿದೆ. ಹೀಗೆ ಕೊಂಡ ರಾಗಿಯನ್ನೇ ನಮ್ಮ ಕಡೆ ಪಡಿತರದಲ್ಲಿ ಕೊಡುತ್ತಾರೆ. ಇದು ಒಳ್ಳೆಯ ಏರ್ಪಾಡು. ಹತ್ತಿರದ ಹೊಲದ ಕಾಳು ಹತ್ತಿರದ ತಟ್ಟೆಗೆ ಬೀಳುತ್ತದೆ. ಅಡಿಕೆಯ ಆದಾಯದ ಹತ್ತಿರಕ್ಕೂ ಬರುವುದಿಲ್ಲ, ಗೊತ್ತು. ಆದರೆ ಬೋರಿಗೆ ಸುರಿಯುವ ದುಡ್ಡೂ ಇಲ್ಲಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಬೋರಿನಲ್ಲಿ ನೀರು ಎಷ್ಟು ಬರುತ್ತದೆ ಅಂತ ಒಂದು ಬೇಸಿಗೆ ಪೂರ್ತಿ ನೋಡಿ, ಆಮೇಲೆ ಒಂದು ಎಕರೆಗೆ ಮಾತ್ರ ಅಡಿಕೆ. ಮೊದಲ ಮೂರ್ನಾಲ್ಕು ವರ್ಷ ಸಾಲಿನ ನಡುವೆ ಅಲಸಂದೆ, ತರಕಾರಿ, ಬಾಳೆ. ನೆರಳು ಕವಿದ ಮೇಲೆ ಅದು ಆಗುವುದಿಲ್ಲ. ಉಳಿದ ಎರಡು ಎಕರೆ ಹೊಲವಾಗಿಯೇ ಇರಲಿ, ಅಕ್ಕಡಿ ಸಾಲಿನ ಸಮೇತ. ಬದುವಿನಲ್ಲಿ ಹೊಂಗೆ ಇದ್ದರೆ ಕಡಿಯಬೇಡಿ, ಸೊಪ್ಪು ಗೊಬ್ಬರಕ್ಕಾಗುತ್ತದೆ. ಕೆರೆ ಹೂಳೆತ್ತುವಾಗ ನಾಲ್ಕು ಲೋಡು ಗೋಡು ಮಣ್ಣು ಹೊಡೆಸಿಕೊಳ್ಳಿ.

ಇನ್ನು ರಾಗಿ ಮಾರುವುದಿದ್ದರೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತರ ನೋಂದಣಿ ಸಂಖ್ಯೆ, ಈಗಲೇ ಮಾಡಿಸಿಟ್ಟುಕೊಳ್ಳಿ. ಬೆಳೆ ಸಮೀಕ್ಷೆಯಲ್ಲಿ ಮೂರೂ ಎಕರೆ ಅಡಿಕೆ ಅಂತ ಬಿದ್ದುಬಿಟ್ಟರೆ ಖರೀದಿ ಕೇಂದ್ರದಲ್ಲಿ ನೋಂದಣಿ ಆಗುವುದಿಲ್ಲ. ಆಮೇಲೆ ಅಲ್ಲಿ ನಿಂತು ಜಗಳ ಮಾಡಿ ಪ್ರಯೋಜನವಿಲ್ಲ. ಮುಂಗಾರಿನ ಸಮೀಕ್ಷೆ ನಡೆಯುವಾಗ ಆಪ್‌ನಲ್ಲಿ ನೀವೇ ಫೋಟೋ ಹಾಕಿ, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ರಾಗಿ ಅಂತ ಸರಿಯಾಗಿ ತುಂಬಿ.