ವೆಲ್ಷ್‌ನಲ್ಲಿ ‘ನಾನು ಇಂಥ ಊರಲ್ಲಿ ಇರೋದು’ ಅಂತ ಹೇಳುವಾಗ ಊರಿನ ಹೆಸರೇ ಯಾಕೆ ಬದಲಾಗುತ್ತೆ?

ಓದೋಕೆ ಬ್ರಿಟನ್ನಿನ ವೇಲ್ಸ್‌ನಲ್ಲಿರೋ ಸ್ವಾನ್ಸಿಗೆ ಹೊರಟಿದ್ದೀರಿ, ಅಲ್ಲಿನ ಭಾಷೆ ವೆಲ್ಷ್ ನಾಲ್ಕು ಮಾತು ಕಲಿಯೋಣ ಅಂತ ಕೂತರೆ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಒಂದು ಕಡೆ ‘ಕೈರ್‌ದೀದ್’, ಇನ್ನೊಂದು ಕಡೆ ‘ಗೈರ್‌ದೀದ್’, ಮತ್ತೊಂದು ಕಡೆ ‘ಙ್ಹೈರ್‌ದೀದ್’ ಅಂತಿದೆ, ಯಾವುದು ಸರಿ ಅಂತ ಕೇಳಿದ್ದೀರಿ. ಮೂರೂ ಸರಿ. ನಾನು ಕಾರ್ಡಿಫ್‌ನಲ್ಲಿ ಸಂಜೆ ಕ್ಲಾಸಿಗೆ ಹೋಗಿ ಕಲಿತವನು. ಮೊದಲ ತಿಂಗಳು ನನಗೂ ಹೀಗೇ ತಲೆ ಕೆಟ್ಟಿತ್ತು.

ಮೊದಲು ಪ್ರಶ್ನೆ. ‘ಬ್ಲೇ ದೀಖ್ ಖೀನ್ ಬಿಯು?’ ಅಂದರೆ ‘ನೀವು ಇರೋದು ಎಲ್ಲಿ?’ ಗೆಳೆಯರನ್ನೋ ಮಕ್ಕಳನ್ನೋ ಕೇಳುವಾಗ ‘ಬ್ಲೇ ಉಯ್ ತೀನ್ ಬಿಯು?’ ನಮ್ಮ ನೀವು-ನೀನು ಲೆಕ್ಕವೇ, ಇಂಗ್ಲಿಷಿನವರಿಗೆ ವಿವರಿಸಬೇಕು, ನಮಗೆ ಬೇಡ. ಉತ್ತರ ವೇಲ್ಸ್ ಕಡೆ ‘ಬ್ಲೇ’ ಬದಲು ಬೇರೆ ಥರ ಕೇಳ್ತಾರೆ, ಸದ್ಯ ಅದನ್ನ ಬಿಡಿ. ನೀವು ಹೋಗ್ತಿರೋದು ದಕ್ಷಿಣಕ್ಕೆ.

ಉತ್ತರ: ‘ದ್ವೀನ್ ಬಿಯು ಅನ್ ಅಬೆರ್‌ತಾವೆ.’ ನಾನು ಸ್ವಾನ್ಸಿಯಲ್ಲಿ ಇರೋದು. ಅಬೆರ್‌ತಾವೆ ಅಂದರೆ ತಾವೆ ಹೊಳೆ ಸಮುದ್ರ ಸೇರೋ ಜಾಗ. ನಾವು ‘-ಅಲ್ಲಿ’ಯನ್ನ ಊರಿನ ಹೆಸರಿನ ಬಾಲಕ್ಕೆ ಹಚ್ತೀವಿ, ಅವರು ‘ಅನ್’ ಅಂತ ಹೆಸರಿನ ಮುಂದೆ ಇಡ್ತಾರೆ. ತಾಪತ್ರಯ ಎಲ್ಲ ಇರೋದು ಈ ‘ಅನ್’ನಲ್ಲೇ.

ಕ್ಲಾಸಿನ ಎರಡನೇ ವಾರ ನಾನು ಧೈರ್ಯವಾಗಿ ‘ದ್ವೀನ್ ಬಿಯು ಅನ್ ಕೈರ್‌ದೀದ್’ ಅಂದೆ. ಟೀಚರಮ್ಮ ನಕ್ಕು, ಬೋರ್ಡಿನ ಮೇಲೆ ‘ಅಙ್ ಙ್ಹೈರ್‌ದೀದ್’ ಅಂತ ಬರೆದರು. ಪಕ್ಕದ ಇಂಗ್ಲಿಷ್ ಅಜ್ಜ ಪೆನ್ನು ಕೆಳಗಿಟ್ಟುಬಿಟ್ಟ. ಆಮೇಲೆ ಒಂದು ಕೋಷ್ಟಕ ಹಂಚಿದರು: ಕ ಹೀಗಾಗುತ್ತೆ, ಪ ಹಾಗಾಗುತ್ತೆ ಅಂತ ಆರು ಸಾಲು. ನೋಡ್ತಾ ನೋಡ್ತಾ ನನಗೆ ನಗು ಬಂತು. ಅದು ನಮ್ಮ ಕಾಗುಣಿತದ ಪುಸ್ತಕದ ವರ್ಗಾಕ್ಷರ!

ಕ ಖ ಗ ಘ ಙ. ತ ಥ ದ ಧ ನ. ಪ ಫ ಬ ಭ ಮ. ಊರಿನ ಹೆಸರು ಯಾವ ಸಾಲಿನ ಅಕ್ಷರದಿಂದ ಶುರುವಾಗುತ್ತೋ ಆ ಸಾಲಿನ ಕೊನೆಯ ಅನುನಾಸಿಕಕ್ಕೆ ಹೋಗಿ, ಅಷ್ಟೇ. ಬಾಂಗೋರ್ ‘ಅಮ್ ಮಾಂಗೋರ್’ ಆಗುತ್ತೆ. ದಿನ್‌ಬಿಖ್ ‘ಅನ್ ನಿನ್‌ಬಿಖ್’. ಗ್ವಿನೆದ್ ‘ಅಙ್ ಙ್ವಿನೆದ್’. ಸಾಲಿನ ಮೊದಲ ಅಕ್ಷರವಾದ ಕ, ತ, ಪ ಇದ್ದರೆ ಜೊತೆಗೆ ಒಂದು ‘ಹ್’ ಉಸಿರು ಸೇರಿಸಿ: ಪೊಂತಪ್ರೀದ್‌ನಲ್ಲಿ ಅನ್ನೋಕೆ ‘ಅಮ್ ಮ್ಹೊಂತಪ್ರೀದ್’. ‘ಅನ್’ ಕೂಡ ಅದೇ ಸಾಲಿಗೆ ಹೊಂದ್ಕೊಂಡು ಅಮ್, ಅಙ್ ಆಗೋದನ್ನ ಗಮನಿಸಿ. ಅಂಕ, ಅಂಬು ಅನ್ನುವಾಗ ನಮ್ಮ ಸೊನ್ನೆ ಮಾಡೋದೂ ಇದನ್ನೇ. ಒಂದನೇ ಕ್ಲಾಸಿನ ಚಾರ್ಟಲ್ಲಿ ಙ ಮುಂದೆ ಚಿತ್ರವೇ ಇರ್ತಿರಲಿಲ್ಲ, ಈ ಅಕ್ಷರ ಯಾಕಪ್ಪಾ ಇದೆ ಅಂತ ಅನ್ನಿಸ್ತಿತ್ತು. ಕಾರ್ಡಿಫ್‌ನಲ್ಲಿ ಉಪಯೋಗಕ್ಕೆ ಬಂತು.

‘ಗೈರ್‌ದೀದ್’ ಎಲ್ಲಿಂದ ಬಂತು? ‘ಓ’ ಅಂದರೆ ‘-ಇಂದ’. ‘ದ್ವೀನ್ ದೋದ್ ಓ ಗೈರ್‌ದೀದ್’: ನಾನು ಕಾರ್ಡಿಫ್‌ನವನು. ಇಲ್ಲಿ ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ. ಮಳೆ+ಕಾಲ ಮಳೆಗಾಲ, ಬೆಟ್ಟ+ತಾವರೆ ಬೆಟ್ಟದಾವರೆ ಅಂತ ಹೈಸ್ಕೂಲಲ್ಲಿ ಉರು ಹೊಡೆದಿದ್ವಲ್ಲ, ಆ ಆದೇಶ ಸಂಧಿಯ ಥರವೇ. ಬೇರೆ ಅಕ್ಷರಗಳೂ ಒಂದಿಷ್ಟು ಬದಲಾಗುತ್ತವೆ, ಅದು ಆಮೇಲೆ. ಎರಡು ಭಾಷೆಗೂ ನಂಟಿಲ್ಲ, ಬಾಯಿ ಮಾತ್ರ ಎಲ್ಲರದೂ ಒಂದೇ. ನಮ್ಮ ಕಡೆಯ ಹೆಸರುಗಳನ್ನ ಸಾಮಾನ್ಯವಾಗಿ ಹಾಗೇ ಬಿಡ್ತಾರೆ, ‘ಓ ಕರ್ನಾಟಕ’ ಅಂದರೆ ಸಾಕು.

‘ಒಂದು ಫ್ಲ್ಯಾಟಲ್ಲಿ’ ಅನ್ನೋಕೆ ‘ಅನ್’ ಬಳಸಬೇಡಿ, ‘ಮೆವ್ನ್ ಫ್ಲಾತ್’ ಅನ್ನಬೇಕು. ಹೆಸರಿಟ್ಟ ಜಾಗಕ್ಕೆ ಅನ್, ಯಾವುದೋ ಒಂದಕ್ಕೆ ಮೆವ್ನ್. ಇನ್ನು ಕೊನೆಯ ‘ದೀದ್’ನ ಎರಡನೇ ದ್, ಇಂಗ್ಲಿಷಿನ ‘ದಿಸ್’ ಥರ ನಾಲಿಗೆಯನ್ನ ಹಲ್ಲಿಗೆ ತಾಗಿಸಿ ಗಾಳಿ ಬಿಡುವಂಥದ್ದು.

ಸ್ವಾನ್ಸಿಯಲ್ಲಿ ವೆಲ್ಷ್ ಇಲ್ಲದೆಯೂ ದಿನ ಕಳೆಯುತ್ತೆ. 2021ರ ಜನಗಣತಿ ಪ್ರಕಾರ ಇಡೀ ವೇಲ್ಸ್‌ನಲ್ಲಿ ಮೂರು ವರ್ಷ ದಾಟಿದವರಲ್ಲಿ ವೆಲ್ಷ್ ಬರೋದು ಶೇ. 17.8 ಜನಕ್ಕೆ. 2050ಕ್ಕೆ ಹತ್ತು ಲಕ್ಷ ಮುಟ್ಟಿಸಬೇಕು ಅಂತ ಅಲ್ಲಿನ ಸರ್ಕಾರದ ಗುರಿ. ಹಾಗಾಗಿ ಹೊಸಬರು ಬಾಯಿಬಿಟ್ಟರೆ ಖುಷಿಪಡ್ತಾರೆ. ತಪ್ಪಿ ‘ಅನ್ ಕೈರ್‌ದೀದ್’ ಅಂದರೂ ಅರ್ಥ ಮಾಡ್ಕೊಳ್ತಾರೆ.

ಅಬೆರ್‌ತಾವೆ ಸ್ವರದಿಂದ ಶುರುವಾಗೋದರಿಂದ ಏನೂ ಬದಲಾಗಲ್ಲ, ಅಷ್ಟರಮಟ್ಟಿಗೆ ಬಚಾವ್. ಆದರೆ ರೂಮು ತ್ರೆವೋರಿಸ್ ಏರಿಯಾದಲ್ಲಿ ಸಿಕ್ಕಿತೋ, ‘ಅನ್ ನ್ಹ್ರೆವೋರಿಸ್’ ಅಂತ ಈಗಿನಿಂದಲೇ ಬಾಯಿ ತಿರುಗಿಸ್ತಾ ಇರಿ.