ಮೈಸೂರಿಗೆ ಹೋಗಿಬಂದ ಬಾಡಿಗೆ ಕಾರು: ನಿಮ್ಮ ಟೋಲ್ ಪಟ್ಟಿಯಲ್ಲಿ ಎರಡೇ ಸಾಲು ಇರಬೇಕು

ನಮಸ್ಕಾರ ಸರ್. ನೀವು ಬರೆದದ್ದನ್ನು ಎರಡು ಸಲ ಓದಿದೆ. ಶನಿವಾರ ಬೆಳಗ್ಗೆ ಬೆಂಗಳೂರಿನಲ್ಲಿ ಸೆಲ್ಫ್ ಡ್ರೈವ್ ಕಾರು ತೆಗೆದುಕೊಂಡು ಅಪ್ಪ ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಭಾನುವಾರ ಸಂಜೆ ವಾಪಸ್ ಬಂದಿದ್ದೀರಿ. ಬರುವಾಗ ಗಣಂಗೂರು ಟೋಲ್ ಗೇಟಿನಲ್ಲಿ ಗಾಡಿಯ ಫಾಸ್ಟ್ಯಾಗ್ ಬ್ಲ್ಯಾಕ್‌ಲಿಸ್ಟ್ ಆಗಿದೆ, ಅದರಿಂದ ಹಣ ಹೋಗುವುದಿಲ್ಲ ಅಂದರು, ಅಲ್ಲೂ ಮುಂದಿನ ಗೇಟಿನಲ್ಲೂ ನೀವೇ ಯುಪಿಐ ಮಾಡಿದಿರಿ. ಒಂಬತ್ತು ದಿನ ಕಳೆದ ಮೇಲೆ ಕಾರು ಕೊಟ್ಟ ಕಂಪನಿಯವರು ಡೆಪಾಸಿಟ್‌ನಲ್ಲಿ 1,385 ರೂಪಾಯಿ ಹಿಡಿದುಕೊಂಡು, ‘ಟೋಲ್ ಮತ್ತು ಇತರೆ’ ಎಂದಷ್ಟೇ ಮೆಸೇಜ್ ಹಾಕಿದ್ದಾರೆ. ಸಾವಿರ ಚಿಲ್ಲರೆಗೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಇಲ್ಲಿ ಇಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ನಿಮ್ಮದಲ್ಲದ ಖರ್ಚನ್ನು ನೀವು ಕೊಡಬಾರದು. ಕೇಳಿ ಪಡೆಯುವ ದಾರಿಯೂ ಇದೆ.

ಫೋನ್ ಮಾಡಿ ‘ಯಾಕೆ ಇಷ್ಟು ಕಟ್ ಮಾಡಿದಿರಿ’ ಎಂದು ಕೇಳಬೇಡಿ. ‘ಸಿಸ್ಟಮ್‌ನಲ್ಲಿ ಹಾಗೇ ಬಂದಿದೆ’ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಮೇಲ್ ಹಾಕಿ ಒಂದೇ ಒಂದು ಕೇಳಿ: ಆ ಎರಡು ದಿನದ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್. ಟ್ಯಾಗ್ ಇರುವುದು ಕಂಪನಿಯ ಹೆಸರಿನಲ್ಲಿ, ಹಣ ಕಡಿತವಾದ ಎಸ್‌ಎಂಎಸ್ ಹೋಗುವುದು ಅವರ ಮೊಬೈಲಿಗೆ. ಗಾಡಿ ಓಡಿಸುವ ನಮಗೆ ಯಾವ ಗೇಟಿನಲ್ಲಿ ಎಷ್ಟು ಹೋಯಿತು ಅನ್ನುವುದೇ ತಿಳಿಯುವುದಿಲ್ಲ. ಎಲ್ಲ ಗೊಂದಲದ ಮೂಲ ಇದು. ಆದರೆ ಟ್ಯಾಗ್ ಕೊಟ್ಟ ಬ್ಯಾಂಕಿನ ಪೋರ್ಟಲ್‌ನಲ್ಲಿ ಟ್ಯಾಗ್ ಮಾಲೀಕರು ಯಾವಾಗ ಬೇಕಾದರೂ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಬಹುದು. ‘ನಮ್ಮ ಹತ್ತಿರ ಇಲ್ಲ’ ಎಂಬ ಉತ್ತರ ಬಂದರೆ ನಂಬಬೇಡಿ.

ಸ್ಟೇಟ್‌ಮೆಂಟ್ ಬಂದ ಮೇಲೆ ಸಾಲು ಎಣಿಸಿ. ಎಕ್ಸ್‌ಪ್ರೆಸ್‌ವೇಯಲ್ಲಿ ಬೆಂಗಳೂರಿನಿಂದ ಹೋಗುವಾಗ ಸಿಗುವುದು ಕಣಮಿಣಿಕೆ, ಆಮೇಲೆ ಶ್ರೀರಂಗಪಟ್ಟಣದ ಹತ್ತಿರ ಗಣಂಗೂರು. ಬರುವಾಗ ಮೊದಲು ಗಣಂಗೂರು, ಕೊನೆಗೆ ಬಿಡದಿ ಕಡೆಯ ಶೇಷಗಿರಿಹಳ್ಳಿ. ಕಣಮಿಣಿಕೆ ಹೋಗುವವರಿಗೆ ಮಾತ್ರ, ಶೇಷಗಿರಿಹಳ್ಳಿ ಬರುವವರಿಗೆ ಮಾತ್ರ. ಇಲ್ಲೇ ಇನ್ನೊಬ್ಬರು ‘ನಮ್ಮ ಕಾಲದಲ್ಲಿ ಹೋಗುವಾಗ ಒಂದೇ ಗೇಟ್ ಇತ್ತು’ ಎಂದಿದ್ದಾರಲ್ಲ, ಅದು 2023ರ ಮಾರ್ಚ್‌ನಲ್ಲಿ ಟೋಲ್ ಶುರುವಾದಾಗಿನ ಮಾತು. ಗಣಂಗೂರಿನಲ್ಲಿ ವಸೂಲಿ ಆರಂಭವಾದದ್ದು ಅದೇ ವರ್ಷ ಜುಲೈ 1ರಿಂದ. ಈಗ ಮೈಸೂರಿಗೆ ಹೋಗಿಬರಲು ಒಟ್ಟು ನಾಲ್ಕು ಸಲ ಟೋಲ್. ಅದರಲ್ಲಿ ಬರುವಾಗಿನ ಎರಡನ್ನೂ ನೀವೇ ಕೊಟ್ಟಿದ್ದೀರಿ. ಹಾಗಾಗಿ ಕಂಪನಿಯ ಟ್ಯಾಗ್‌ನಿಂದ ಹೋಗಿರಬೇಕಾದದ್ದು ಶನಿವಾರದ ಕಣಮಿಣಿಕೆ ಮತ್ತು ಶನಿವಾರದ ಗಣಂಗೂರು, ಎರಡೇ ಸಾಲು. ಮೂರನೆಯ ಸಾಲು ಇದ್ದರೆ ಅದಕ್ಕೆ ಅವರು ಉತ್ತರ ಕೊಡಬೇಕು. ಶಹರದ ಅಂಚಿನ ನೈಸ್ ರಸ್ತೆ ಹಿಡಿದಿದ್ದರೆ ಅದರ ಲೆಕ್ಕ ಬೇರೆ; ಅದು ಖಾಸಗಿ ಸಂಸ್ಥೆಯ ರಸ್ತೆ, ಈ ನಾಲ್ಕರಲ್ಲಿ ಸೇರುವುದಿಲ್ಲ. ಎಷ್ಟು ದರ ಅನ್ನುವುದನ್ನು ಹೆದ್ದಾರಿ ಪ್ರಾಧಿಕಾರದ ರಾಜಮಾರ್ಗಯಾತ್ರಾ ಆಪ್‌ನಲ್ಲಿ ನೋಡಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ, ಇದು ನನಗೆ ಅನುಭವದಿಂದ ಗೊತ್ತಾದದ್ದು. ಸ್ಟೇಟ್‌ಮೆಂಟ್‌ನಲ್ಲಿ ಎರಡು ಸಮಯ ಇರುತ್ತವೆ. ಗೇಟಿನ ರೀಡರ್ ನಿಮ್ಮ ಟ್ಯಾಗ್ ಓದಿದ ಸಮಯ ಒಂದು, ಬ್ಯಾಂಕಿನಲ್ಲಿ ಹಣ ಕಡಿತವಾದ ಸಮಯ ಇನ್ನೊಂದು. ಸಾಮಾನ್ಯವಾಗಿ ಎರಡೂ ಹತ್ತಿರ ಹತ್ತಿರ ಇರುತ್ತವೆ. ಗೇಟಿನಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಗಂಟೆಗಟ್ಟಲೆ ವ್ಯತ್ಯಾಸ ಬೀಳುತ್ತದೆ. ನಾವು ತಂಗಿಯ ಮಗಳ ಮದುವೆಗೆ ರಾಣೆಬೆನ್ನೂರಿಗೆ ಹೋಗಲು ಯಶವಂತಪುರದಲ್ಲಿ ಒಂದು ಬಾಡಿಗೆ ಕಾರು ತೆಗೆದುಕೊಂಡಿದ್ದೆವು, ಬೆಳಗ್ಗೆ ಎಂಟು ಗಂಟೆಗೆ. ಆಮೇಲೆ ಅವರು ಕಳಿಸಿದ ಪಟ್ಟಿಯಲ್ಲಿ ಮೊದಲ ಸಾಲೇ ಬಂಕಾಪುರ, ಬೆಳಗ್ಗೆ 9:10! ನಾವು ಆಗ ತುಮಕೂರು ಕೂಡ ದಾಟಿರಲಿಲ್ಲ. ಬಂಕಾಪುರ ರಾಣೆಬೆನ್ನೂರಿಗಿಂತಲೂ ಆಚೆ, ಹಾವೇರಿ ದಾಟಿದ ಮೇಲೆ ಸಿಗುವುದು. ನಾವು ಅಲ್ಲಿಗೆ ಹೋಗಲೇ ಇಲ್ಲ. ಪೂರ್ತಿ ಸ್ಟೇಟ್‌ಮೆಂಟ್ ಬೇಕೇ ಬೇಕು ಎಂದು ಕೂತಾಗ ತಿಳಿಯಿತು: ಟ್ಯಾಗ್ ಓದಿದ್ದು ಹಿಂದಿನ ದಿನ ಮಧ್ಯಾಹ್ನ, ಹಣ ಹೋದದ್ದು ಮಾತ್ರ ನಮ್ಮ ದಿನ. ನಮಗಿಂತ ಮುಂಚೆ ಗಾಡಿ ತೆಗೆದುಕೊಂಡಿದ್ದವರ ಟೋಲ್ ನಮ್ಮ ತಲೆಗೆ ಬಂದಿತ್ತು. ಕಂಪನಿಯವರು ಬೇಕೆಂದು ಮಾಡಿರಲಿಲ್ಲ, ಕಡಿತವಾದ ಸಮಯ ನೋಡಿ ಹಂಚಿದ್ದರು ಅಷ್ಟೆ. ತೋರಿಸಿದ ಮೇಲೆ ವಾಪಸ್ ಹಾಕಿದರು. ಹಾಗಾಗಿ ಗಾಡಿ ಕೈಗೆ ಬಂದ ಮತ್ತು ಒಪ್ಪಿಸಿದ ಸಮಯವನ್ನು ಟ್ಯಾಗ್ ಓದಿದ ಸಮಯದ ಜೊತೆಗೇ ಹೋಲಿಸಬೇಕು.

ಇನ್ನು ಬ್ಲ್ಯಾಕ್‌ಲಿಸ್ಟ್ ವಿಷಯ. ಶನಿವಾರ ಓದಿದ ಟ್ಯಾಗ್ ಭಾನುವಾರ ಓದಲಿಲ್ಲ ಅಂದರೆ ಬಹುಮಟ್ಟಿಗೆ ಅದರಲ್ಲಿ ಹಣ ಮುಗಿದಿತ್ತು ಎಂದೇ ಅರ್ಥ. ಟ್ಯಾಗ್ ಚಾಲ್ತಿಯಲ್ಲಿ ಇಲ್ಲದಿದ್ದರೆ ಮೊದಲು ಎರಡು ಪಟ್ಟು ಕಟ್ಟಬೇಕಿತ್ತು. 2025ರ ನವೆಂಬರ್ 15ರಿಂದ ಯುಪಿಐಯಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು ಎಂದಾಯಿತು. ಟ್ಯಾಗ್‌ನಲ್ಲಿ 100 ಹೋಗುವ ಕಡೆ ಯುಪಿಐಯಲ್ಲಿ 125. ನೀವು ಯುಪಿಐ ಮಾಡಿದ್ದು ಒಳ್ಳೆಯದಾಯಿತು, ಪುರಾವೆಯೂ ಉಳಿಯಿತು. ಆ ಎರಡು ಗೇಟಿನ ಮೂಲ ಟೋಲ್ ನೀವು ಕೊಡಬೇಕಾದದ್ದೇ, ಆದರೆ ಮೇಲಿನ ಕಾಲು ಭಾಗ ನಿಮ್ಮದಲ್ಲ. ಟ್ಯಾಗ್‌ನಲ್ಲಿ ಹಣ ಇಟ್ಟು ಗಾಡಿ ಕೊಡುವುದು ಅವರ ಕೆಲಸ. ಮೇಲ್‌ನಲ್ಲಿ ಅದನ್ನು ಬೇರೆ ಸಾಲಾಗಿ ಬರೆದು ಕೇಳಿ, ಯುಪಿಐ ರಶೀದಿಯ ಚಿತ್ರ ಜೊತೆಗಿಡಿ.

ಅದೇ ಭಾನುವಾರ ಟ್ಯಾಗ್‌ನಿಂದಲೂ ಗಣಂಗೂರಿನ ಹಣ ಹೋಗಿದೆ ಎಂದು ಪಟ್ಟಿಯಲ್ಲಿ ಕಂಡರೆ ಅದು ಒಂದೇ ಗೇಟಿಗೆ ಎರಡು ಸಲ ವಸೂಲಿ. ಟ್ಯಾಗ್ ನಿಮ್ಮದಲ್ಲದ ಕಾರಣ ಅದನ್ನು ಕೊಟ್ಟ ಬ್ಯಾಂಕಿಗೆ ದೂರು ಕೊಡಬೇಕಾದವರು ಕಂಪನಿಯವರು. ನಿಮ್ಮ ರಶೀದಿ ಕಳಿಸಿ ಅವರಿಂದಲೇ ಮಾಡಿಸಿ. ಹೆದ್ದಾರಿ ಸಹಾಯವಾಣಿ 1033ಕ್ಕೆ ನೀವೂ ಹೇಳಬಹುದು. ಬ್ಯಾಂಕಿನಿಂದ ಬರುವ ತನಕ ಕಾಯಿರಿ ಅಂದರೆ ಒಪ್ಪಬೇಡಿ; ಅದು ಅವರ ಮತ್ತು ಬ್ಯಾಂಕಿನ ನಡುವಿನ ವ್ಯವಹಾರ.

‘ಇತರೆ’ ಅನ್ನುವ ಪದದ ಬಗ್ಗೆ ನನಗೆ ಹೆಚ್ಚು ಅನುಮಾನ. ಕೆಲವರು ಟೋಲ್ ನಿರ್ವಹಣೆಗೆ ಎಂದು ಒಂದಷ್ಟು ಸೇರಿಸುತ್ತಾರೆ. ಬುಕ್ ಮಾಡುವಾಗ ನೀವು ಒಪ್ಪಿದ ಷರತ್ತಿನಲ್ಲಿ ಅದು ಮೊತ್ತ ಸಮೇತ ಇದ್ದರೆ ಕೊಡಲೇಬೇಕು, ನಾನೂ ಕೊಟ್ಟಿದ್ದೇನೆ. ಇಲ್ಲದಿದ್ದರೆ ಕೊಡಬೇಕಿಲ್ಲ. ‘ಇದು ಕಮರ್ಷಿಯಲ್ ಗಾಡಿ, ಟೋಲ್ ಜಾಸ್ತಿ’ ಎಂದರೂ ಕೇಳಬೇಡಿ. ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರದ ಸೆಲ್ಫ್ ಡ್ರೈವ್ ಕಾರಿಗೂ ಮನೆ ಕಾರಿಗೂ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದೇ ದರ. ಕಾರು, ಜೀಪು, ವ್ಯಾನ್ ಎಲ್ಲ ಒಂದೇ ವರ್ಗ. ವ್ಯತ್ಯಾಸ ಇರುವುದು ವಾರ್ಷಿಕ ಪಾಸಿನಲ್ಲಿ. 2025ರ ಆಗಸ್ಟ್ 15ರಿಂದ ಬಂದ, ಶುರುವಿನಲ್ಲಿ 3,000 ರೂಪಾಯಿ ಇದ್ದ, 200 ಸಲ ದಾಟುವ ಪಾಸ್ ಸ್ವಂತ ಬಳಕೆಯ ಗಾಡಿಗಳಿಗೆ ಮಾತ್ರ. ಬಾಡಿಗೆ ಗಾಡಿಗೆ ಪಾಸ್ ಇದೆ, ಟೋಲ್ ಬರುವುದಿಲ್ಲ ಎಂದು ಯಾರಾದರೂ ಹೇಳಿ ಕೊಟ್ಟರೆ ಅಲ್ಲೇ ಎಚ್ಚರವಾಗಿ.

ಮುಂದಿನ ಸಲಕ್ಕೆ ಒಂದು ಮಾತು. ಗಾಡಿಯ ಗೀರುಗಳ ವಿಡಿಯೋ ಎಲ್ಲರೂ ಮಾಡುತ್ತೇವೆ, ಟ್ಯಾಗ್ ಕಡೆ ನೋಡುವುದಿಲ್ಲ. ಕೀಲಿ ತೆಗೆದುಕೊಳ್ಳುವ ಮುಂಚೆ ಟ್ಯಾಗ್ ಯಾವ ಬ್ಯಾಂಕಿನದು, ಈಗ ಅದರಲ್ಲಿ ಎಷ್ಟು ಹಣ ಇದೆ ಎಂದು ಕೇಳಿ, ಅವರ ಮೊಬೈಲಿನಲ್ಲೇ ತೋರಿಸಲು ಹೇಳಿ, ಫೋಟೋ ತೆಗೆದುಕೊಳ್ಳಿ. ಒಪ್ಪಿಸುವಾಗ ಮತ್ತೆ ಅದೇ ಫೋಟೋ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಟೋಲ್, ತಡವಾಗಿ ಬೀಳುವ ಒಂದೆರಡು ಸಾಲು ಬಿಟ್ಟರೆ. ದಾರಿಯಲ್ಲಿ ಹಣ ಮುಗಿದರೆ ಯುಪಿಐ ಆಪ್‌ನ ಫಾಸ್ಟ್ಯಾಗ್ ರೀಚಾರ್ಜ್‌ನಲ್ಲಿ ಬ್ಯಾಂಕ್ ಆರಿಸಿ ಗಾಡಿ ನಂಬರ್ ಕೊಟ್ಟರೆ ಯಾರು ಬೇಕಾದರೂ ಹಣ ಹಾಕಬಹುದು. ಆದರೆ ಹಾಕಿದ ಹಣ ಕಂಪನಿಯ ಖಾತೆ ಸೇರುತ್ತದೆ. ಮೊದಲು ವಾಟ್ಸ್ಆ್ಯಪ್‌ನಲ್ಲಿ ‘ಇಷ್ಟು ಹಾಕುತ್ತಿದ್ದೇನೆ, ಲೆಕ್ಕದಲ್ಲಿ ಹಿಡಿಯಿರಿ’ ಎಂದು ಬರೆದು, ಅವರು ‘ಸರಿ’ ಎಂದ ಮೇಲೆ ಹಾಕಿ. 24 ಗಂಟೆಯ ಒಳಗೆ ಅದೇ ಗೇಟಿಗೆ ವಾಪಸ್ ಬಂದರೆ ಟ್ಯಾಗ್‌ನಲ್ಲಿ ಅರ್ಧವೇ ಹೋಗುತ್ತದೆ. ನೀವು ಆ ಸಮಯ ದಾಟಿದ್ದರಿಂದ ಅದು ಅನ್ವಯಿಸುವುದಿಲ್ಲ. ಟ್ಯಾಗ್‌ನಲ್ಲಿ ಹಣ ಇದ್ದೂ ಗೇಟಿನ ಯಂತ್ರ ಕೆಟ್ಟು ಓದದೇ ಹೋದರೆ ಏನೂ ಕೊಡಬೇಕಿಲ್ಲ, ಶೂನ್ಯ ಮೊತ್ತದ ರಶೀದಿ ಕೊಟ್ಟು ಬಿಡಬೇಕು. ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದರೂ ಗಾಬರಿಯಾಗಿ ನಗದು ತೆಗೆಯಬೇಡಿ.

ಮೇಲ್‌ಗೆ ಏಳು ದಿನ ಸಮಯ ಕೊಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಅದೇ ಮೇಲ್‌ಗೆ ಸೇರಿಸಿ ಮತ್ತೆ ಕಳಿಸಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ, ಆದರೆ ನಿಮ್ಮದು ಅಲ್ಲಿವರೆಗೆ ಹೋಗುವಂಥದ್ದಲ್ಲ ಎಂದು ನನ್ನ ಅಂದಾಜು.

ಸ್ಟೇಟ್‌ಮೆಂಟ್ ಬಂದ ದಿನ ಗಾಡಿ ನಂಬರ್ ಮುಚ್ಚಿ ಇಲ್ಲೇ ಹಾಕಿ ಸರ್. ನಾನು ರಾತ್ರಿ ಒಂಬತ್ತರ ಮೇಲೆ ಬಿಡುವಾಗಿರುತ್ತೇನೆ, ಸಾಲು ಸಾಲಾಗಿ ಕೂತು ನೋಡೋಣ.